ಆರಿದ್ರಾ ಮಳೆ ಹಿಡಿಯುವ ಮೊದಲು ಬಸುರಿ ಇರುವ ಮನೆಯಲ್ಲಿ ಆಗಬೇಕಾದ ಕೆಲಸ

ಮೇ ತಿಂಗಳು ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಸೌದೆ ಕೊಟ್ಟಿಗೆ ಸೇರಬೇಕು, ದರಗು (ಕಾಡಿನ ಒಣಗಿದ ಎಲೆ) ರಾಶಿಯಾಗಬೇಕು, ಮಾಡಿನ ಒಡೆದ ಹಂಚು ಬದಲಾಗಬೇಕು, ಮಳೆಗಾಲದ ದಿನಸಿ ಡಬ್ಬ ಸೇರಬೇಕು. ಬಸುರಿ ಇರುವ ಮನೆಯಲ್ಲಿ, ಅದೂ ದಿನಗೂಲಿ ನಂಬಿದ ಮನೆಯಲ್ಲಿ, ಇದೇ ಸಾಲಿಗೆ ಇನ್ನೂ ಮೂರು ಸೇರಿಸಿಕೊಳ್ಳಬೇಕು: ಕಾಗದ, ಮಾತ್ರೆ, ಗಾಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್, ರಕ್ತ, ಔಷಧಿ, ಪರೀಕ್ಷೆ, ಊಟ, ಹೋಗಿ ಬರುವ ಗಾಡಿ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಗಬೇಕಾದವು. ಇಷ್ಟಿದ್ದೂ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಸೌಲಭ್ಯ ಕೈತಪ್ಪುವುದು ದಾಟುವ ಕಡೆಗಳಲ್ಲಿ: ಗಂಡನ ಮನೆಯಿಂದ ತವರಿಗೆ, ಅಂಗನವಾಡಿಯಿಂದ ಬ್ಯಾಂಕಿಗೆ, ತೋಟದ ಮನೆಯಿಂದ ಟಾರು ರಸ್ತೆಗೆ. ಇವನ್ನು ನೆಲ ಒಣಗಿರುವಾಗಲೇ ಗಟ್ಟಿ ಮಾಡಿಕೊಳ್ಳಬೇಕು. ಆಶಾ, ಅಂಗನವಾಡಿ ಟೀಚರ್, ಸ್ವಸಹಾಯ ಸಂಘದವರು, ಓದಿದ ನೆಂಟರ ಹುಡುಗಿ, ಯಾರು ಜೊತೆಗೆ ನಿಂತರೂ ನಡೆಯುತ್ತದೆ.

ಮೊದಲು ತಾರೀಕು ಹಿಡಿಯಬೇಕು. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. "ತಾರೀಕು ನೆನಪಿಲ್ಲ" ಅಂದರೆ ಅಲ್ಲಿಗೆ ಬಿಡಬೇಡಿ, ಹಬ್ಬ ಕೇಳಿ. ಭೂಮಿ ಹುಣ್ಣಿಮೆಯ ರಾತ್ರಿ ಅಡಿಗೆಗೆ ಕೂತಿದ್ದಳೋ, ಮುಟ್ಟಾಗಿ ಹೊರಗಿದ್ದು ಪೂಜೆಯ ಭೂಮಣ್ಣಿ ಬುತ್ತಿ (ಚಿತ್ತಾರದ ಬುಟ್ಟಿ) ಮುಟ್ಟದೇ ಇದ್ದಳೋ ಅನ್ನುವುದು ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ. ಅಕ್ಟೋಬರ್ 10ಕ್ಕೆ ಮುಟ್ಟಾಗಿದ್ದರೆ ಹೆರಿಗೆ ಜುಲೈ 17ರ ಆಸುಪಾಸು, ಪುನರ್ವಸು ಮಳೆಯ ನಡುವೆ. ಈ ಒಂದು ಲೆಕ್ಕ ಸಿಕ್ಕರೆ ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ತಿಂಗಳು ತಪ್ಪಿ ಬರೆದರೆ ಗಾಡಿಯ ಏರ್ಪಾಡೂ ತಪ್ಪುತ್ತದೆ, ಅರ್ಜಿಯ ಗಡುವೂ ತಪ್ಪುತ್ತದೆ. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನಿಂಗ್ ಆಗಿದ್ದರೆ ಅದರ ತಾರೀಕೇ ಹೆಚ್ಚು ನಂಬಿಕೆಯದು.

ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು. ಕನಿಷ್ಠ ನಾಲ್ಕು ತಪಾಸಣೆ ಆಗಬೇಕು: ಹನ್ನೆರಡು ವಾರದೊಳಗೆ ಒಂದು, 14ರಿಂದ 26 ವಾರದ ನಡುವೆ ಒಂದು, 28ರಿಂದ 34ರ ನಡುವೆ ಒಂದು, 36 ವಾರ ದಾಟಿದ ಮೇಲೆ ಒಂದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ನೋಡುವ ದಿನ. ಜುಲೈ ಹೆರಿಗೆಯವಳಿಗೆ ಮೇ 9, ಜೂನ್ 9 ತಪ್ಪಿಸುವಂತಿಲ್ಲ, ಯಾಕೆಂದರೆ ಜುಲೈ 9ಕ್ಕೆ ಬಸ್ಸು ಓಡುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಕಾರ್ಡ್ ಕೈಗೆ ಬಂದಾಗ ಒಳಗೆ ಏನು ಬರೆದಿದೆ ಅಂತ ಓದಿ. ಆರ್‌ಸಿಎಚ್ ನಂಬರ್ (ಸರ್ಕಾರಿ ದಾಖಲೆಯಲ್ಲಿ ಬಸುರಿಗೆ ಕೊಡುವ ಗುರುತಿನ ಸಂಖ್ಯೆ), ರಕ್ತದ ಗುಂಪು, ಪ್ರತಿ ಸಲದ ತೂಕ, ಬಿಪಿ, ಹಿಮೋಗ್ಲೋಬಿನ್, ಅಂದಾಜು ತಾರೀಕು, ಇಷ್ಟೂ ತುಂಬಿರಬೇಕು. ಖಾಲಿ ಬಿಟ್ಟಿದ್ದರೆ ಸಿಸ್ಟರ್ ಹತ್ತಿರ ಅಲ್ಲೇ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಿಗೆ ಈ ಹೆಂಗಸಿನ ಬಗ್ಗೆ ತಿಳಿಸುವುದು ಆ ಕಾರ್ಡ್ ಮಾತ್ರ. ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಪ್ರತಿ ಪುಟದ ಫೋಟೊ ಮನೆಯ ಎರಡು ಫೋನಿನಲ್ಲಿ ಇರಲಿ.

ಚೊಚ್ಚಲ ಬಸುರಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಕೊಂಡಿ ಕಳಚುವುದು ಇಲ್ಲೇ ಹೆಚ್ಚು. ಹೆಸರು ಬರೆಸಿದ್ದು ಗಂಡನ ಊರಿನಲ್ಲಿ, ಅಲ್ಲಿನ ಆಶಾ "ತವರಿಗೆ ಹೋಗಿದಾಳೆ" ಅಂತ ಬರೆದುಕೊಳ್ಳುತ್ತಾರೆ, ತವರಿನ ಆಶಾಗೆ ಸುದ್ದಿಯೇ ಇರುವುದಿಲ್ಲ. ನಡುವಿನ ಎರಡು ತಿಂಗಳು ಮಾತ್ರೆಯೂ ಇಲ್ಲ, ಬಿಪಿ ನೋಡುವವರೂ ಇಲ್ಲ. ಬಿಪಿ ಏರುವುದು ಇದೇ ಕೊನೆಯ ತಿಂಗಳುಗಳಲ್ಲಿ. ಹೊರಡುವ ವಾರವೇ ಎರಡೂ ಊರಿನ ಆಶಾ ಅಕ್ಕಂದಿರು ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವ ಹಾಗೆ ಮಾಡಿ, ಆರ್‌ಸಿಎಚ್ ನಂಬರ್ ದಾಟಿಸಿ. ತವರಿನ ಅಂಗನವಾಡಿಯಲ್ಲೂ ಹೆಸರು ಹೇಳಿ. ತೋಟದ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದು ಬಿಡಾರದಲ್ಲಿ ಇರುವವರಿಗೂ ಇದೇ ಮಾತು. ಅಂಗನವಾಡಿಯ ಆಹಾರ, ಲಸಿಕೆ, ತಪಾಸಣೆಗೆ ಇದೇ ಊರಿನ ವಿಳಾಸ ಬೇಕೆಂದಿಲ್ಲ.

ಇನ್ನು ದುಡ್ಡು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ: 3,000 ಒಂದು ಕಂತು, 2,000 ಇನ್ನೊಂದು. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ಹೆಂಗಸರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯಾದರೆ 700, ಪೇಟೆಯಾದರೆ 600. ಅರ್ಜಿ ಹಾಕಿಯೂ ದುಡ್ಡು ಬಾರದ ಮನೆಗಳಲ್ಲಿ ಹೆಚ್ಚಾಗಿ ತೊಡಕು ಇರುವುದು ಖಾತೆಯಲ್ಲಿ. ಖಾತೆ ತಾಯಿಯ ಹೆಸರಿನದೇ ಆಗಬೇಕು, ಗಂಡನದು ನಡೆಯುವುದಿಲ್ಲ. ಮಾತೃವಂದನಾ ದುಡ್ಡು ಆಧಾರ್ ಹಿಡಿದು ಬರುತ್ತದೆ, ಅಂದರೆ ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ. ಪಾಸ್‌ಬುಕ್ ಕೊಟ್ಟಿದ್ದು ಒಂದು ಬ್ಯಾಂಕಿನದು, ದುಡ್ಡು ಕೂತಿರುವುದು ಯಾವಾಗಲೋ ಸಂಘದ ಸಾಲಕ್ಕೆ ತೆರೆದ ಇನ್ನೊಂದರಲ್ಲಿ, ಹೀಗಾಗುವುದುಂಟು. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ "ನಮ್ಮ ಖಾತೆ ಸರಿ ಇದೆ" ಅನ್ನುತ್ತಾರೆ. ಅದು ಮನೆಯ ಯಜಮಾನಿಯ, ಹೆಚ್ಚಿನ ಕಡೆ ಅತ್ತೆಯ ಖಾತೆ. ಸೊಸೆಯ ಖಾತೆಗೆ ಒಂದು ರೂಪಾಯಿಯೂ ಬಿದ್ದಿರದೆ ಅದು ನಿಷ್ಕ್ರಿಯವಾಗಿರಬಹುದು. ಮೇ ತಿಂಗಳಲ್ಲೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ನೂರು ರೂಪಾಯಿ ಕಟ್ಟಿಸಿ, ಕೆವೈಸಿ ಮಾಡಿಸಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಅಲ್ಲೇ ಕೇಳಿ ಬರೆದುಕೊಳ್ಳಿ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಹಳೇ ಪಾಸ್‌ಬುಕ್ ಇದ್ದರೆ ಬದಲಿಸಿಕೊಳ್ಳಿ, ಅದರಲ್ಲಿರುವ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಆಧಾರಿಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ಅವಳ ಕೈಯಲ್ಲಿದೆಯಾ ನೋಡಿ. ಮದುವೆಗೆ ಮುಂಚಿನ ನಂಬರ್ ಅಣ್ಣನ ಹತ್ತಿರವೇ ಉಳಿದಿದ್ದರೆ ಒಟಿಪಿ ಅವನಿಗೆ ಹೋಗುತ್ತದೆ.

ಇದಕ್ಕಿಂತ ನಿಧಾನದ ಕೆಲಸ ರೇಷನ್ ಕಾರ್ಡಿನದು. ಮದುವೆಯಾಗಿ ಬಂದವಳ ಹೆಸರು ತವರಿನ ಕಾರ್ಡಿನಿಂದ ತೆಗೆಸಿರುವುದಿಲ್ಲ, ತೆಗೆಸದೆ ಇಲ್ಲಿ ಸೇರುವುದಿಲ್ಲ. ಆಹಾರ ಇಲಾಖೆ ತಿದ್ದುಪಡಿಗೆ ಬಿಟ್ಟಾಗ ಮಾತ್ರ ಆಗುವುದರಿಂದ ಮದುವೆಯಾದ ವರ್ಷವೇ ಶುರು ಮಾಡುವುದು ಒಳ್ಳೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ನಿಂತಿರುವುದು ಈ ಕಾರ್ಡಿನ ಮೇಲೆ. ಹೆರಿಗೆಗೆ ಅದು ಬೇಕಾಗದಿರಬಹುದು, ಹೆಚ್ಚಿನ ತೊಂದರೆಯಾಗಿ ತಾಯಿಯನ್ನೋ ಮಗುವನ್ನೋ ಖಾಸಗಿ ಆಸ್ಪತ್ರೆಗೆ ಕಳಿಸಬೇಕಾದಾಗ ಬೇಕಾಗುತ್ತದೆ. ಆಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಲಿ. ತುರ್ತು ಅಂದಾಗ ಚೀಟಿ ಇಲ್ಲದೆಯೂ ಸೇರಿಸಿಕೊಳ್ಳುತ್ತಾರೆ, ಆದರೆ ಸೇರುವಾಗಲೇ "ಆಯುಷ್ಮಾನ್‌ನಲ್ಲಿ ಮಾಡಿ" ಅಂತ ಕೌಂಟರಿನ ಆರೋಗ್ಯಮಿತ್ರರಿಗೆ ಹೇಳಬೇಕು. ದುಡ್ಡು ಕಟ್ಟಿದ ಮೇಲೆ ಕೇಳಿದರೆ ತಿರುಗಿ ಬರುವುದು ಕಷ್ಟ.

ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಂಪರ್ಕ ಕಡಿದ ಊರಿನಲ್ಲಿ ಹೆರಿಗೆಯ ಹೊತ್ತು ರಕ್ತ ಹೋದರೆ ತಾಳಿಕೊಳ್ಳಲು ಮೈಯಲ್ಲಿರುವ ರಕ್ತವೇ ಆಸರೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180 ಮಾತ್ರೆ, ಹೆರಿಗೆಯಾದ ಮೇಲೆ ಇನ್ನೂ 180. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ದಿನಕ್ಕೆ ಎರಡು. ಏಳಕ್ಕಿಂತ ಕೆಳಗಿದ್ದರೆ ಮಾತ್ರೆ ನೆಚ್ಚಿಕೊಂಡು ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಸೇರಿಸಬೇಕು.

ಮನೆಗೆ ಹೋದಾಗ "ಮಾತ್ರೆ ತಗೊಳ್ತಿದೀಯಾ" ಅಂತ ಕೇಳಿದರೆ "ಹೂಂ" ಅನ್ನುತ್ತಾರೆ. ಡಬ್ಬ ತೆಗೆಸಿ ಸ್ಟ್ರಿಪ್ ಎಣಿಸಿ. ಉಳಿದಿದ್ದರೆ ಗದರಬೇಡಿ, ಕಾರಣ ಹುಡುಕಿ. ಖಾಲಿ ಹೊಟ್ಟೆಗೆ ತಗೊಂಡು ವಾಂತಿಯಾಗಿ ಬಿಟ್ಟಿರುತ್ತಾಳೆ. ಅಂಥವಳು ರಾತ್ರಿ ಊಟ ಮಾಡಿ ಮಲಗುವಾಗ ತಗೊಂಡರೆ ಸರಿಹೋಗುತ್ತದೆ. ಮಲ ಕಪ್ಪಾಗಿದ್ದಕ್ಕೆ ಹೆದರಿ ನಿಲ್ಲಿಸಿರುತ್ತಾಳೆ. ಅದು ಮಾತ್ರೆಯ ಬಣ್ಣ, ರೋಗದ್ದಲ್ಲ. "ಮಗು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದೆ" ಅಂತ ಮನೆಯ ಹಿರಿಯರು ಹೇಳಿರುತ್ತಾರೆ, ಹಾಗಾಗಿ ಅದು ನಿಜವಲ್ಲ ಅನ್ನುವುದನ್ನು ಅತ್ತೆಯ ಎದುರೇ ಹೇಳಬೇಕು. ಇನ್ನೊಂದು ಕಾರಣ ನಮ್ಮ ಕಡೆಯದು: ಮಳೆಗೆ ಚಹಾ ಕಾಫಿ ಲೆಕ್ಕವಿಲ್ಲದೆ ಇಳಿಯುತ್ತದೆ. ಮಾತ್ರೆಯ ಹಿಂದೆ ಮುಂದೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬಾರದು. ಅದು 500 ಮಿಲಿಗ್ರಾಮಿನದು ದಿನಕ್ಕೆ ಎರಡು, ಬೆಳಿಗ್ಗೆ ಮಧ್ಯಾಹ್ನ ಊಟದ ಜೊತೆ. ಕಬ್ಬಿಣದ್ದಕ್ಕೂ ಅದಕ್ಕೂ ಎರಡು ತಾಸಾದರೂ ಅಂತರವಿರಲಿ. ಲಿಂಬೆ ಹಿಂಡಿದ ನೀರಿನಲ್ಲಿ ಕಬ್ಬಿಣದ ಮಾತ್ರೆ ನುಂಗಿದರೆ ಒಳ್ಳೆಯದು. ಥಂಡಿಗೆ ಮಾತ್ರೆ ಮೆತ್ತಗಾಗುತ್ತದೆ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ, ಬಿಸಿಗೆ ಕೆಡುತ್ತದೆ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ ಸಾಕು. ಜೂನ್ ಮೊದಲ ವಾರದೊಳಗೆ ಆಗಸ್ಟ್ ಕೊನೆವರೆಗಿನದು ಮನೆಗೆ ತಂದಿಟ್ಟುಕೊಳ್ಳಿ, ಸಿಸ್ಟರಿಗೆ ಕಾರಣ ಹೇಳಿ ಕೇಳಿ. ಅಂಗನವಾಡಿಯಲ್ಲಿ 2017ರಿಂದ ಕೊಡುವ ಮಾತೃಪೂರ್ಣ ಊಟಕ್ಕೂ ಹೀಗೆಯೇ: ಹಳ್ಳ ದಾಟಿ ಹೋಗಲಾಗದ ದಿನಗಳಲ್ಲಿ ಏನು ಮಾಡುವುದು ಅಂತ ಟೀಚರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಗಾಡಿಯ ಮಾತಿಗೆ ಬರೋಣ. 108ಕ್ಕೆ ಫೋನ್ ಎತ್ತುವವರಿಗೆ ನಿಮ್ಮ ಊರು ಗೊತ್ತಿರುವುದಿಲ್ಲ, ಒಂದೇ ಹೆಸರಿನ ಊರು ಪಕ್ಕದ ತಾಲ್ಲೂಕಿನಲ್ಲೂ ಇರುತ್ತದೆ. ನೋವು ಶುರುವಾದಾಗ ಗಾಬರಿಯಲ್ಲಿ ಅರ್ಧ ಹೇಳುತ್ತಾರೆ, ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಒಂದು ಚೀಟಿಯಲ್ಲಿ ಈ ಸಾಲುಗಳನ್ನು ಬರೆದು ಬಾಗಿಲ ಹಿಂದೆ ಅಂಟಿಸಿ: ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು, ಯಾವ ಮುಖ್ಯರಸ್ತೆಯ ಯಾವ ಬಸ್ ಸ್ಟಾಪಿನಿಂದ ಎಷ್ಟು ಕಿಲೋಮೀಟರ್ ಒಳಗೆ, ಆಂಬುಲೆನ್ಸ್ ಎಲ್ಲಿವರೆಗೆ ಬರುತ್ತದೆ, ಅಲ್ಲಿ ಯಾರು ನಿಂತಿರುತ್ತಾರೆ, ಎಷ್ಟನೇ ಹೆರಿಗೆ, ತಾರೀಕು ಯಾವುದು, ಹಿಂದೆ ಸಿಸೇರಿಯನ್ ಆಗಿದೆಯಾ. ಸಿಗ್ನಲ್ ಸಿಗುವ ಜಾಗ ಮನೆಯಿಂದ ಎಷ್ಟು ದೂರ, ಯಾವ ಕಂಪನಿಯದು ಅಂತ ಮಳೆಯಲ್ಲಿ ಒಮ್ಮೆ ಪರೀಕ್ಷಿಸಿ. ಕರೆಂಟು ಹೋದ ಮೇಲೆ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದೂ ಊರವರಿಗೆ ಗೊತ್ತಿರುತ್ತದೆ.

108 ಒಂದನ್ನೇ ನಂಬಿ ಕೂರಬೇಡಿ. ಜೀಪೋ, ಹಾಲಿನ ಗಾಡಿಯೋ, ಪಕ್ಕದ ಮನೆಯ ಓಮ್ನಿಯೋ, ಎರಡು ಗಾಡಿಯವರ ಹತ್ತಿರ ಮೊದಲೇ ಮಾತಾಡಿ ಬಾಡಿಗೆ ಗೊತ್ತು ಮಾಡಿ, ಅಷ್ಟು ದುಡ್ಡು ಬೇರೆ ತೆಗೆದಿಡಿ. ಮನೆಯಿಂದ ರಸ್ತೆಯವರೆಗಿನ ಕಾಲುಸಂಕ ಅಡಿಕೆ ಮರದ್ದಾದರೆ ಮೊದಲ ಮಳೆಗೇ ಪಾಚಿ ಕಟ್ಟುತ್ತದೆ. ದಬ್ಬೆ ಬದಲಿಸಿ, ಹಿಡಿದುಕೊಳ್ಳಲು ಒಂದು ಕಡೆಯಾದರೂ ಹಗ್ಗ ಕಟ್ಟಿ. ಎತ್ತಿಕೊಂಡು ಹೋಗಲೇಬೇಕಾದರೆ ಕಂಬಳಿ ಜೋಲಿಗಿಂತ ಕೈಯಿರುವ ಗಟ್ಟಿ ಕುರ್ಚಿಗೆ ಎರಡು ಬಿದಿರು ಬಿಗಿದು ನಾಲ್ಕು ಜನ ಹೊರುವುದು ಮೇಲು. ಗಾಡಿಯಲ್ಲಿ ಎಡ ಮಗ್ಗುಲಿಗೆ ಮಲಗಿಸಿ. ಹಿಂದೆ ಸಿಸೇರಿಯನ್ ಆದವಳು, ಬಿಪಿ 140/90 ದಾಟಿದವಳು, ಅವಳಿ ಇರುವವಳು, ರಕ್ತ ತೀರಾ ಕಡಿಮೆ ಇರುವವಳು ಈ ದಾರಿ ನಂಬಿ ಮನೆಯಲ್ಲಿ ಇರಲೇಬಾರದು. ತಾರೀಕಿಗೆ ಎರಡು ವಾರ ಮುಂಚೆಯೇ ತಾಲ್ಲೂಕು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಹೋಗಿರಬೇಕು. ಕೂಲಿ ಬಿಟ್ಟು ಜೊತೆಗೆ ಹೋಗುವವರು ಯಾರು ಅನ್ನುವ ಚರ್ಚೆ ನಡೆಯುವುದೇ ಇಲ್ಲಿ. ಅದನ್ನು ಮೇ ತಿಂಗಳಲ್ಲೇ ಮುಗಿಸಿ.

ರಕ್ತ ಕಂಡರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಫಿಟ್ಸ್ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬಾರದು. ಜ್ವರ ಬಂದರೂ ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಇರುತ್ತದೆ. ದರಗು ಸೊಪ್ಪಿಗೆ ಕಾಡಿಗೆ ಹೋಗಿದ್ದರೆ, ಉಣುಗು (ಉಣ್ಣೆ) ಕಚ್ಚಿದ್ದರೆ ಡಾಕ್ಟರಿಗೆ ತಾನಾಗಿ ಹೇಳಬೇಕು. ಮಳೆ ಬಂದ ಮೇಲೆ ಡೆಂಗ್ಯೂ, ಇಲಿಜ್ವರ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಅಂಗಡಿಯಿಂದ ತರಬೇಡಿ, ರಕ್ತಸ್ರಾವ ಹೆಚ್ಚಾಗುತ್ತದೆ.

ಹೆರಿಗೆಯಾದ ಮೇಲೆ ಸಹಜವಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ ಆಸ್ಪತ್ರೆಯದೇ. ಮನೆಗೆ ಬಿಡಲು ನಗು ಮಗು ಗಾಡಿ ಕೇಳಿ. ಆಶಾ 3, 7, 14, 21, 28, 42ನೇ ದಿನ ಬಂದು ಮಗುವಿನ ತೂಕ, ಮೈಬಿಸಿ ನೋಡುತ್ತಾರೆ. ಹಳ್ಳ ತುಂಬಿ ಬರಲಾಗದಿದ್ದರೆ ಫೋನಿನಲ್ಲಾದರೂ ಮಗು ಹಾಲು ಕುಡಿಯುತ್ತಿದೆಯಾ, ಮೈ ತಣ್ಣಗಿದೆಯಾ ಕೇಳಬೇಕು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ಬೇಡವೇ ಬೇಡ. ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ತಾಯಿಯ ಎದೆಗೆ ಎದೆ ತಾಗಿಸಿ ಮೇಲೆ ಕಂಬಳಿ ಹೊದಿಸುವುದಕ್ಕಿಂತ ಒಳ್ಳೆಯ ಬಿಸಿ ಇಲ್ಲ. ಬಾಣಂತಿಗೆ ಮೆಣಸಿನ ಸಾರು ಅನ್ನ ಮಾತ್ರ ಹಾಕಿ ನೀರು, ಸೊಪ್ಪು ತಪ್ಪಿಸುವ ಪಥ್ಯವನ್ನೂ ಬಿಡಬೇಕು. ಹಾಲೂಡುವವಳಿಗೆ ಬಸುರಿಗಿಂತ ಹೆಚ್ಚು ಊಟ ಬೇಕು.

ಜನನ ನೋಂದಣಿ 21 ದಿನದೊಳಗೆ ಆದರೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ತಾಯಿಯ ಹೆಸರು ಆಧಾರಿನಲ್ಲಿದ್ದ ಹಾಗೆಯೇ, ಅಕ್ಷರಕ್ಕೆ ಅಕ್ಷರ ಬರೆಸಿ. ಮಾತೃವಂದನಾದ ಎರಡನೇ ಕಂತಿಗೆ ಬೇಕಾಗುವುದು ಈ ನೋಂದಣಿ ಮತ್ತು ಹದಿನಾಲ್ಕು ವಾರದವರೆಗಿನ ಲಸಿಕೆ. ಜುಲೈ 17ಕ್ಕೆ ಹುಟ್ಟಿದ ಮಗುವಿಗೆ ಆರು ವಾರ ತುಂಬುವುದು ಆಗಸ್ಟ್ 28, ಹತ್ತು ವಾರ ಸೆಪ್ಟೆಂಬರ್ 25, ಹದಿನಾಲ್ಕು ವಾರ ಅಕ್ಟೋಬರ್ 23. ಹೊಲಗಳಲ್ಲಿ ಭೂಮಿ ಹುಣ್ಣಿಮೆ ಮುಗಿಯುವ ಹೊತ್ತು ಅದು, ದಾರಿ ಒಣಗಿರುತ್ತದೆ. ಲಸಿಕೆ ಹಾಕಿಸಿ, ಕಾರ್ಡಿನಲ್ಲಿ ಸಹಿ ಬಿದ್ದಿದ್ದು ನೋಡಿ, ಅದೇ ದಿನ ಅಂಗನವಾಡಿಯಲ್ಲಿ ಎರಡನೇ ಕಂತಿನ ಅರ್ಜಿ ಹಾಕಿಸಿ.