ಎರಡು ಇಂಪ್ಲಾಂಟ್ ಮೇಲಿನ ಕೆಳಸೆಟ್ಟು: ಬೈಟ್ ಹೇಗಿದ್ದರೆ ಅಗಿಯಲು ಬರುತ್ತದೆ

ಕೆಳಗಿನ ಹಲ್ಲುಸೆಟ್ಟು ನಿಲ್ಲುವುದಿಲ್ಲ ಎಂದು ಎರಡು ಇಂಪ್ಲಾಂಟ್ (ದವಡೆಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಹಾಕಿಸಿಕೊಂಡ ಮೇಲೂ ಕೆಲವರ ದೂರು ಮುಗಿಯುವುದಿಲ್ಲ. ಕೆಳಸೆಟ್ಟು ಗಟ್ಟಿಯಾಗಿ ಕೂತಿರುತ್ತದೆ, ಕೋಡುಬಳೆ ಮಾತ್ರ ಪುಡಿಯಾಗುವುದಿಲ್ಲ. ಜೋಳದ ರೊಟ್ಟಿ ಬಾಯಲ್ಲಿ ಸುತ್ತುತ್ತಲೇ ಇರುತ್ತದೆ, ಜೊತೆಗೆ ಅಲ್ಲಿಯವರೆಗೆ ಸರಿಯಾಗಿದ್ದ ಮೇಲಿನ ಸೆಟ್ಟು ಕಳಚಲು ಶುರುವಾಗುತ್ತದೆ. ಇಂಥ ಕಡೆ ಇಂಪ್ಲಾಂಟಿನ ಎಕ್ಸ್‌ರೇ ತೆಗೆಯುವುದಕ್ಕೂ ಮೊದಲು ಬೈಟ್, ಅಂದರೆ ಮೇಲಿನ ಮತ್ತು ಕೆಳಗಿನ ಹಲ್ಲು ಕೂಡುವ ರೀತಿ, ಪರೀಕ್ಷಿಸಬೇಕು. ಇಂಪ್ಲಾಂಟ್ ಮಾಡುವುದು ಹಿಡಿಯುವ ಕೆಲಸ. ಅಗಿಯುವ ಕೆಲಸ ಮೇಲಿನ ಮತ್ತು ಕೆಳಗಿನ ಹಲ್ಲು ಎಲ್ಲಿ, ಹೇಗೆ ಕೂಡುತ್ತವೆ ಎಂಬುದರ ಮೇಲೆ ನಿಂತಿದೆ.

ಕೆಳದವಡೆಯಲ್ಲಿ ಸೆಟ್ಟಿಗೆ ಸಿಗುವ ಜಾಗ ಮೇಲ್ದವಡೆಯ ಸುಮಾರು ಅರ್ಧ. ಅಂಗುಳದ ಆಸರೆ ಇಲ್ಲ, ನಾಲಿಗೆಯಂತೂ ಸದಾ ತಳ್ಳುತ್ತಿರುತ್ತದೆ. ಅದಕ್ಕೇ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಹೊರಡಿಸಿದ ಒಮ್ಮತದ ಹೇಳಿಕೆ, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಮೇಲಿನ ಸೆಟ್ಟನ್ನೇ ಮೊದಲ ಆಯ್ಕೆಯಾಗಿ ಮುಂದಿಟ್ಟಿತು. ಈ ಎರಡು ಇಂಪ್ಲಾಂಟ್ ಸಾಮಾನ್ಯವಾಗಿ ಕೋರೆಹಲ್ಲಿನ ಆಸುಪಾಸಿನಲ್ಲಿ ಕೂರುತ್ತವೆ. ಅಂದರೆ ಸೆಟ್ಟಿಗೆ ಮುಂದೆ ಲೋಹದ ಹಿಡಿತ, ಹಿಂದೆ ಮೆತ್ತನೆಯ ಒಸಡು. ಇಂಪ್ಲಾಂಟ್ ಬಗ್ಗುವುದಿಲ್ಲ, ಒಸಡು ತಗ್ಗುತ್ತದೆ. ಹಾಗಾಗಿ ಎರಡು ಇಂಪ್ಲಾಂಟ್‌ಗಳನ್ನು ಜೋಡಿಸುವ ಗೆರೆಯ ಮೇಲೆ ಇಡೀ ಸೆಟ್ಟು ಬಾಗಿಲ ಕೀಲಿನಂತೆ ತಿರುಗುತ್ತದೆ: ಬಾಚಿಹಲ್ಲಿನಲ್ಲಿ ಕಚ್ಚಿದರೆ ಹಿಂಭಾಗ ಏಳುತ್ತದೆ, ತೀರಾ ಹಿಂದಿನ ದವಡೆಹಲ್ಲಿನಲ್ಲಿ ಕಚ್ಚಿದರೆ ಹಿಂಭಾಗ ಒಸಡಿಗೆ ಒತ್ತುತ್ತದೆ. ಬೈಟ್ ರೂಪಿಸುವಾಗ ಮಾಡುವ ಎಲ್ಲ ತೀರ್ಮಾನಗಳೂ ಈ ಚಲನೆಯನ್ನು ಹದ್ದಿನಲ್ಲಿಡುವುದಕ್ಕೇ.

ಭಾರ ಬೀಳಬೇಕಾದ ಜಾಗ ಎರಡನೇ ಪ್ರಿಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು) ಮತ್ತು ಮೊದಲನೇ ದವಡೆಹಲ್ಲು. ಜಾಗ ಕಡಿಮೆ ಇದ್ದರೆ ಅಥವಾ ದವಡೆಮೂಳೆ ಹಿಂದೆ ಮೇಲಕ್ಕೆ ಏರುವ ಇಳಿಜಾರು ಅಲ್ಲೇ ಶುರುವಾಗಿದ್ದರೆ ಎರಡನೇ ದವಡೆಹಲ್ಲನ್ನು ಕೂರಿಸದೆ ಬಿಡುವುದೇ ಒಳ್ಳೆಯದು. ಇಳಿಜಾರಿನ ಮೇಲೆ ಹಲ್ಲಿಟ್ಟರೆ ಪ್ರತಿ ಸಲ ಕಚ್ಚಿದಾಗಲೂ ಸೆಟ್ಟು ಮುಂದಕ್ಕೆ ಜಾರುತ್ತದೆ, ಆ ಜಾರುವಿಕೆಯ ಏಟು ತಿನ್ನುವುದು ಸೆಟ್ಟನ್ನು ಇಂಪ್ಲಾಂಟಿಗೆ ಸಿಕ್ಕಿಸುವ ಅಟ್ಯಾಚ್‌ಮೆಂಟು.

ಮೇಲೆ ಪೂರ್ತಿ ಸೆಟ್ಟು, ಕೆಳಗೆ ಎರಡು ಇಂಪ್ಲಾಂಟ್ ಎಂಬ ಜೋಡಿಗೆ ನಾನು ಲಿಂಗ್ವಲೈಸ್ಡ್ ಬೈಟನ್ನೇ ಶಿಫಾರಸು ಮಾಡುತ್ತೇನೆ. 1941ರಲ್ಲಿ ಹೊವರ್ಡ್ ಪೇನ್ ವಿವರಿಸಿದ, ಆಮೇಲೆ ಅರ್ಲ್ ಪೌಂಡ್ ಬಳಕೆಗೆ ತಂದ ಕ್ರಮ ಇದು. ಮೇಲಿನ ಹಲ್ಲಿನ ಅಂಗುಳದ ಕಡೆಯ ಮೊನೆ ಮಾತ್ರ ಕೆಳಹಲ್ಲಿನ ನಡುಗುಳಿಗೆ ಕೂರುತ್ತದೆ, ಕೆನ್ನೆಯ ಕಡೆಯ ಮೊನೆಯನ್ನು ಸುಮಾರು 1 ಮಿ.ಮೀ. ಎತ್ತಿ ಬಿಡುತ್ತಾರೆ. ಮೇಲೆ ಮೊನೆಯ ಇಳಿಜಾರು 30 ಅಥವಾ 33 ಡಿಗ್ರಿಯಿರುವ ಚೂಪು ಹಲ್ಲು, ಕೆಳಗೆ 20 ಡಿಗ್ರಿಯದೋ ಚಪ್ಪಟೆಯದೋ. ಲಾಭ ಎರಡು. ಮೊನೆ ಚಿಕ್ಕದಾದ್ದರಿಂದ ಕಡಿಮೆ ಬಲದಲ್ಲೇ ಆಹಾರದೊಳಗೆ ಇಳಿಯುತ್ತದೆ. ಒತ್ತಡ ದವಡೆದಿಣ್ಣೆಯ ನಡುವಿಗೇ ಬೀಳುವುದರಿಂದ ಸೆಟ್ಟು ಪಕ್ಕಕ್ಕೆ ವಾಲುವುದಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಪೂರ್ತಿ ಚಪ್ಪಟೆ ಹಲ್ಲು ಕೂರಿಸುವುದು ಲ್ಯಾಬಿಗೆ ಸುಲಭ, ಆದರೆ ಸೊಪ್ಪಿನ ನಾರು, ಮಾಂಸ, ಕಡಲೆಕಾಯಿ ಇವೆಲ್ಲ ಅದರ ಕೆಳಗೆ ಜಜ್ಜಿಹೋಗುತ್ತವೆಯೇ ಹೊರತು ತುಂಡಾಗುವುದಿಲ್ಲ. ಮುದ್ದೆ ನುಂಗುವ ಊಟ, ಅದಕ್ಕೆ ಯಾವ ಬೈಟಾದರೂ ನಡೆದೀತು. ಜೊತೆಗಿರುವ ಕಾಳುಸಾರಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಕೋರೆಹಲ್ಲಿನ ಮೇಲೆ ಜಾರುವ ಬೈಟ್, ಅಂದರೆ ಕೆನೈನ್ ಗೈಡೆನ್ಸ್, ಸ್ವಂತ ಹಲ್ಲಿಗೆ ಚೆನ್ನ. ಮೇಲೆ ಕಳಚುವ ಸೆಟ್ಟಿದ್ದಾಗ ಅದು ಒಂದು ಪಕ್ಕವನ್ನು ಎತ್ತಿ ಬೀಳಿಸುವ ಅಪಾಯವಿದೆ, ಹಾಗಾಗಿ ನಾನು ಒಪ್ಪುವುದಿಲ್ಲ. ಪಕ್ಕಕ್ಕೆ ಸರಿದಾಗ ಎರಡೂ ಬದಿಯ ದವಡೆಹಲ್ಲು ಮುಟ್ಟುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂಭಾಗ. ಬಾಯಿ ಮುಚ್ಚಿ ಕಚ್ಚಿದಾಗ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲು ಮುಟ್ಟಲೇಬಾರದು. ಇಂಪ್ಲಾಂಟ್ ಬಂದ ಮೇಲೆ ಕೆಳಗಿನ ಮುಂಭಾಗ ಹೆಚ್ಚುಕಡಿಮೆ ಸ್ವಂತ ಹಲ್ಲಿನಷ್ಟೇ ಗಟ್ಟಿ. ಅದು ಮೇಲಿನ ಸೆಟ್ಟಿನ ಮುಂತುದಿಯನ್ನು ದಿನಕ್ಕೆ ನೂರಾರು ಸಲ ಕುಟ್ಟಿದರೆ ಮೇಲಿನ ಮೂಳೆ ಕರಗಿ, ಒಸಡು ಜೋಲಾಡುವ ತೊಗಲಾಗುತ್ತದೆ. ಕೆಳಗೆ ಮುಂದಿನ ಸ್ವಂತ ಹಲ್ಲಷ್ಟೇ ಉಳಿದವರಲ್ಲಿ 1972ರಲ್ಲಿ ಕೆಲ್ಲಿ ಗುರುತಿಸಿದ ಕಾಂಬಿನೇಶನ್ ಸಿಂಡ್ರೋಮಿನ ದಾರಿಯೂ ಇದೇ. ಮೇಲಿನ ಸೆಟ್ಟು ನಟ್ಟನಡುವೆ ಸೀಳಿ ಎರಡಾದಾಗಲೂ ಮೊದಲು ಈ ಜಾಗ ನೋಡಬೇಕು.

ಪರೀಕ್ಷಿಸುವ ಕ್ರಮ ಹೀಗೆ. ಹಲ್ಲಿನ ಎಂಜಲು ಒರೆಸಿ, 40 ಮೈಕ್ರಾನ್ ಕೆಂಪು ಆರ್ಟಿಕ್ಯುಲೇಟಿಂಗ್ ಪೇಪರನ್ನು (ಹಲ್ಲು ಮುಟ್ಟಿದಲ್ಲಿ ಬಣ್ಣದ ಗುರುತು ಬಿಡುವ ಕಾಗದ) ಎರಡೂ ಬದಿ ಒಟ್ಟಿಗೇ ಇಟ್ಟು ಮೆಲ್ಲಗೆ ತಟ್ಟಿಸಬೇಕು. ಒಂದೇ ಬದಿಗೆ ಇಟ್ಟರೆ ದವಡೆ ತಾನಾಗಿ ಆ ಕಡೆಗೆ ವಾಲಿ ಸುಳ್ಳು ಗುರುತು ಬರುತ್ತದೆ. ಕೆಂಪು ಚುಕ್ಕೆ ಕೆಳಹಲ್ಲಿನ ನಡುಗುಳಿಯಲ್ಲಿ, ಎರಡೂ ಕಡೆ ಒಂದೇ ಗಾಢತೆಯಲ್ಲಿ ಬೀಳಬೇಕು. ಆಮೇಲೆ ನೀಲಿ ಪೇಪರಿಟ್ಟು ಪಕ್ಕಕ್ಕೆ ಉಜ್ಜಿಸಿ ನೋಡುವುದು. ತಿಕ್ಕಿ ತೆಗೆಯುವುದಿದ್ದರೆ ಕೆಳಗುಳಿಯಲ್ಲೇ ತೆಗೆಯಬೇಕು, ಮೇಲಿನ ಅಂಗುಳದ ಮೊನೆಗೆ ಕೈಹಾಕಿದರೆ ಅರೆಯುವ ಅಸ್ತ್ರವೇ ಹೋಯಿತು. ಕೊನೆಗೆ 8 ಮೈಕ್ರಾನ್ ಶಿಮ್‌ಸ್ಟಾಕ್ ಎಂಬ ತೆಳು ಹಾಳೆಯ ಪಟ್ಟಿ: ಕಚ್ಚಿ ಹಿಡಿದಾಗ ಹಿಂದೆ ಎಳೆದರೆ ಬರಬಾರದು, ಮುಂದೆ ಸಲೀಸಾಗಿ ಜಾರಿ ಬರಬೇಕು. ಇಷ್ಟಾದರೂ ಬಾಯೊಳಗಿನ ಗುರುತನ್ನು ಪೂರ್ತಿ ನಂಬುವಂತಿಲ್ಲ. ಒಸಡು ತಗ್ಗಿ ಸೆಟ್ಟು ಸರಿದು ತಪ್ಪನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಸೆಟ್ಟು ಕೊಡುವ ದಿನ ಹೊಸ ಬೈಟ್ ರೆಕಾರ್ಡ್ (ಕಚ್ಚಿದ ಸ್ಥಿತಿಯ ಅಚ್ಚು) ತೆಗೆದು, ದವಡೆಯ ಚಲನೆಯನ್ನು ಅನುಕರಿಸುವ ಉಪಕರಣವಾದ ಆರ್ಟಿಕ್ಯುಲೇಟರಿಗೆ ಸೆಟ್ಟುಗಳನ್ನು ಮತ್ತೆ ಏರಿಸಿ ತಿದ್ದುವುದನ್ನು ಬಿಡಬಾರದು. ಸೆಟ್ಟಿನ ಅಕ್ರಿಲಿಕ್ ಬೇಯುವಾಗ ಕುಗ್ಗಿ ಹಲ್ಲು ಸರಿದಿರುತ್ತದೆ.

ಎತ್ತರದ ಲೆಕ್ಕವೂ ಇದೆ. ದವಡೆ ಸುಮ್ಮನಿದ್ದಾಗ ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ 2ರಿಂದ 4 ಮಿ.ಮೀ. ಬಿಡುವು ಬೇಕು. ಬಿಡುವು ಇಲ್ಲದಿದ್ದರೆ ಮಾತಾಡುವಾಗ ಟಕಟಕ ಸದ್ದು, ಒಸಡು ಹುಣ್ಣು. ಬಿಡುವು ಅತಿಯಾದರೆ ಸ್ನಾಯುಗಳಿಗೆ ಬಲವೇ ಸಿಗುವುದಿಲ್ಲ, ತುಟಿಯ ಅಂಚು ಒಡೆಯುತ್ತದೆ. ಸವೆದು ಚಪ್ಪಟೆಯಾದ ಹಳೇ ಸೆಟ್ಟಿಗೇ ಅಟ್ಯಾಚ್‌ಮೆಂಟ್ ಕೂರಿಸಿ ದುಡ್ಡು ಉಳಿಸುವುದನ್ನು ನಾನು ಬೇಡ ಎನ್ನುವುದು ಇದಕ್ಕೇ. ಹಳೇ ತಪ್ಪು ಬೈಟ್ ಈಗ ಗಟ್ಟಿಯಾಗಿ ನಿಂತುಬಿಡುತ್ತದೆ, ಅಷ್ಟೇ.

ಅಟ್ಯಾಚ್‌ಮೆಂಟನ್ನು ಸೆಟ್ಟಿಗೆ ಹಿಡಿಸುವ ಹಂತದಲ್ಲೂ ಬೈಟ್ ಕೆಡುತ್ತದೆ. ಅಟ್ಯಾಚ್‌ಮೆಂಟಿನ ಒಂದು ಬಗೆಯಾದ ಲೊಕೇಟರಿನ ಲೋಹದ ಟೊಪ್ಪಿ, ಅಕ್ರಿಲಿಕ್ ಹಾಕಿ ಹಿಡಿಸುವ ಮೊದಲು, ಸೆಟ್ಟಿನೊಳಗೆ ಕೊರೆದ ಗುಂಡಿಗೆ ಎಲ್ಲೂ ತಾಗಬಾರದು. ತಾಗಿದರೆ ಸೆಟ್ಟು ಒಸಡಿನ ಮೇಲೆ ಕೂರದೆ ಇಂಪ್ಲಾಂಟ್ ಮೇಲೆ ತೂಗಾಡುತ್ತದೆ, ಮುಂದೊಂದು ದಿನ ಅಲ್ಲೇ ಬಿರುಕು ಬಿಡುತ್ತದೆ. ಅಕ್ರಿಲಿಕ್ ಗಟ್ಟಿಯಾಗುವ ತನಕ ಬಲವಾಗಿ ಕಚ್ಚಿ ಹಿಡಿಯಲು ಹೇಳಿದರೆ ಒಸಡು ತಗ್ಗಿದ ಸ್ಥಿತಿಯಲ್ಲೇ ಟೊಪ್ಪಿ ಕೂತು, ಆಮೇಲೆ ಒಸಡು ಮೇಲೆದ್ದು ಸೆಟ್ಟನ್ನು ಸದಾ ತಳ್ಳುತ್ತಿರುತ್ತದೆ. ಹಲ್ಲು ಮುಟ್ಟಿಯೂ ಮುಟ್ಟದಷ್ಟು ಹಗುರ ಸಾಕು. ಟೊಪ್ಪಿಯೊಳಗೆ ಕೂತು ಹಿಡಿತ ಕೊಡುವ ನೈಲಾನ್ ಬಿಲ್ಲೆಯನ್ನೂ ನೀಲಿಯಿಂದಲೇ (ಸುಮಾರು 680 ಗ್ರಾಂ ಹಿಡಿತ) ಶುರುಮಾಡಿ, ಸಾಲದಿದ್ದರೆ ಗುಲಾಬಿಗೆ ಹೋಗಬಹುದು.

ವರ್ಷಕ್ಕೊಮ್ಮೆಯಾದರೂ ಮೊದಲನೇ ದವಡೆಹಲ್ಲಿನ ಮೇಲೆ ಬೆರಳಿಟ್ಟು ಒತ್ತಿಸಿ ನೋಡಿ. ಹಿಂಭಾಗ ಕುಸಿದು ಮುಂಭಾಗ ಎದ್ದರೆ ಹಿಂದಿನ ಮೂಳೆ ಸವೆದಿದೆ ಎಂದು ಅರ್ಥ. ನೈಲಾನ್ ಬೇಗಬೇಗ ಸವೆಯುವುದು, ಮುಂದಿನ ಹಲ್ಲು ಮುಟ್ಟತೊಡಗುವುದು ಇದರದೇ ಲಕ್ಷಣ. ಬರೀ ನೈಲಾನ್ ಬದಲಿಸಿ ಕಳಿಸಿದರೆ ಕೆಲವೇ ತಿಂಗಳಲ್ಲಿ ಅದೇ ದೂರು ತಿರುಗಿ ಬರುತ್ತದೆ. ಸೆಟ್ಟಿನ ತಳವನ್ನು ರಿಲೈನ್ ಮಾಡಿಸಬೇಕು (ಒಸಡಿಗೆ ಸರಿಯಾಗಿ ಕೂರುವಂತೆ ತಳಕ್ಕೆ ಹೊಸ ಪದರ ಕೊಡಿಸುವುದು), ರಿಲೈನ್ ಆದ ಮೇಲೆ ಬೈಟನ್ನು ಮೊದಲಿನಿಂದ ತಿದ್ದಿಸಬೇಕು.