ಕ್ಯಾಲ್ಸಿನ್ಯೂರಿನ್ ಅನಿಮೇಷನ್: ಎರಡನೇ ದೃಶ್ಯ ಸಿದ್ಧ

ಪಿಯುಸಿ ವಿದ್ಯಾರ್ಥಿಗಳಿಗಾಗಿ ಬಿಡುವಿನಲ್ಲಿ ಮಾಡುತ್ತಿರುವ ಅನಿಮೇಷನ್ ಅರ್ಧ ದಾರಿ ದಾಟಿದೆ. ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಅದನ್ನು ಕಳಚುವ ಫಾಸ್ಫಟೇಸ್‌ಗಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಕಳಚುವ ಕಿಣ್ವವೂ ಗುರಿ ನೋಡಿಯೇ ಕೈ ಹಾಕುತ್ತದೆ ಎಂದು ತೋರಿಸಲೆಂದೇ ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್ ಆರಿಸಿಕೊಂಡೆ.

ಮೊದಲ ದೃಶ್ಯ ಸರಳ. ವಿಶ್ರಾಂತಿಯಲ್ಲಿರುವ ಟಿ ಕೋಶದಲ್ಲಿ (ರೋಗನಿರೋಧಕ ವ್ಯವಸ್ಥೆಯ ಒಂದು ಬಿಳಿ ರಕ್ತಕಣ) ಎನ್‌ಎಫ್‌ಎಟಿ ಎಂಬ ಪ್ರೋಟೀನ್ ಮೈತುಂಬ ಫಾಸ್ಫೇಟ್ ಹೊತ್ತು ಕೋಶಕೇಂದ್ರದ ಹೊರಗೇ ಉಳಿದಿರುತ್ತದೆ. ಒಳಗೆ ಹೋಗಲು ಬೇಕಾದ ಅದರ ಗುರುತು ಮುಚ್ಚಿಹೋಗಿರುತ್ತದೆ. ರೋಗಾಣುವಿನ ಸುಳಿವು ಸಿಕ್ಕಿ ಕ್ಯಾಲ್ಸಿಯಂ ಏರಿತೆಂದರೆ ಕ್ಯಾಲ್ಸಿನ್ಯೂರಿನ್ ಆ ಫಾಸ್ಫೇಟ್‌ಗಳನ್ನು ಕಳಚುತ್ತದೆ. ಗುರುತು ತೆರೆದುಕೊಂಡ ಎನ್‌ಎಫ್‌ಎಟಿ ಒಳಹೊಕ್ಕು, ಟಿ ಕೋಶಗಳನ್ನು ಹುರಿದುಂಬಿಸುವ ಸಂಕೇತ ಪ್ರೋಟೀನಾದ ಇಂಟರ್‌ಲ್ಯೂಕಿನ್-2ರ ಜೀನನ್ನು ಚಾಲೂ ಮಾಡುತ್ತದೆ.

ಎರಡನೆಯದಕ್ಕೆ ಬಹಳ ಸಮಯ ಹಿಡಿಯಿತು, ಹಿಡಿಯಲೇಬೇಕಿತ್ತು. 1995ರಲ್ಲಿ ಪ್ರಕಟವಾದ ಮಾನವ ಕ್ಯಾಲ್ಸಿನ್ಯೂರಿನ್‌ನ ರಚನೆಯನ್ನು ಅಣುಗಳ ಮೂರು ಆಯಾಮದ ಚಿತ್ರ ತೋರಿಸುವ ಕೈಮೆರಾಎಕ್ಸ್ ತಂತ್ರಾಂಶದಲ್ಲಿ ತೆರೆದು ಹತ್ತಿರದಿಂದ ನೋಡಿದರೆ, ಕಬ್ಬಿಣ ಮತ್ತು ಸತುವಿನ ಒಂದೊಂದು ಅಯಾನು ಕುಳಿತ ಸಕ್ರಿಯ ತಾಣ, ಅಂದರೆ ಫಾಸ್ಫೇಟ್ ಕಳಚುವ ಜಾಗ, ಕಾಣುತ್ತದೆ. ಕಿಣ್ವದ್ದೇ ಒಂದು ಸುರುಳಿ ಅದರ ಮೇಲೆ ಅಡ್ಡಲಾಗಿ ಕುಳಿತಿದೆ. ಅದಕ್ಕೆ ಕೆಂಪು ಬಣ್ಣ ಕೊಟ್ಟಿದ್ದೇನೆ. ಕ್ಯಾಲ್ಸಿಯಂ ಹಿಡಿದ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನ್ ಬಂದು ಅಂಟಿದಾಗಲೇ ಆ ಸುರುಳಿ ಸರಿಯುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದು. ಎನ್‌ಎಫ್‌ಎಟಿಯನ್ನು ಗುರುತಿಸಿ ಹಿಡಿಯುವ ಜಾಗ ಲೋಹಗಳ ಬಳಿ ಇಲ್ಲ, ಕಿಣ್ವದ ಮೈಯಲ್ಲಿ ಬೇರೆಯೇ ಕಡೆ ಇದೆ. ಹಿಡಿಯುವುದು ಒಂದು ಕಡೆ, ಕತ್ತರಿಸುವುದು ಇನ್ನೊಂದು ಕಡೆ. ಈ ಅಂತರ ಎದ್ದು ಕಾಣಲೆಂದು ಕ್ಯಾಮೆರಾವನ್ನು ನಿಧಾನವಾಗಿ ಸುತ್ತ ತಿರುಗಿಸಿದ್ದೇನೆ.

ಮೂರನೇ ದೃಶ್ಯ ಔಷಧಿಯದು. ಮೂತ್ರಪಿಂಡ ಕಸಿಯಾದವರು ರೋಗನಿರೋಧಕ ಶಕ್ತಿ ತಗ್ಗಿಸಲು ನುಂಗುವ ಸೈಕ್ಲೋಸ್ಪೋರಿನ್ ಮತ್ತು ಟ್ಯಾಕ್ರೋಲಿಮಸ್ ಎರಡೂ ಕೋಶದೊಳಗೆ ಒಂದೊಂದು ಪ್ರೋಟೀನಿನ ಜೊತೆ ಸೇರಿ ಕ್ಯಾಲ್ಸಿನ್ಯೂರಿನ್‌ಗೆ ಅಂಟುತ್ತವೆ ಎಂಬುದು 1991ರಲ್ಲಿ ಹೊರಬಿತ್ತು. ಈ ಔಷಧಿ-ಪ್ರೋಟೀನ್ ಜೋಡಿ ಲೋಹಗಳನ್ನು ಮುಟ್ಟುವುದೇ ಇಲ್ಲ. ಪ್ರಯೋಗಾಲಯದಲ್ಲಿ ಬಳಸುವ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್‌ನಂತಹ ಪುಟ್ಟ ಅಣುವಿನಿಂದ ಕಿಣ್ವ ಆಗಲೂ ಫಾಸ್ಫೇಟ್ ಕಳಚಬಲ್ಲದು, ಆದರೆ ದೊಡ್ಡ ಪ್ರೋಟೀನಿಗೆ ದಾರಿಯೇ ಇರುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಅಕ್ಕಪಕ್ಕ ತೋರಿಸುವ ರೇಖಾಚಿತ್ರ ಮುಗಿದಿದೆ.

ಬಾಕಿ ಇರುವುದು ಮರಳುವ ದಾರಿ: ಕ್ಯಾಲ್ಸಿಯಂ ಇಳಿದಾಗ ಜಿಎಸ್‌ಕೆ-3ರಂತಹ ಕೈನೇಸ್‌ಗಳು ಮತ್ತೆ ಫಾಸ್ಫೇಟ್ ಅಂಟಿಸಿ ಎನ್‌ಎಫ್‌ಎಟಿಯನ್ನು ಹೊರಗೆ ಕಳುಹಿಸುತ್ತವೆ. ಅದಾದ ಮೇಲೆ ಧ್ವನಿಮುದ್ರಣ.