ಅವತ್ತೂ ಇತ್ತಾ?

ಮಂಗಳವಾರ ರಾತ್ರಿ ಊಟ ಮುಗಿಸಿ ಪಾತ್ರೆ ಡಿಶ್‌ವಾಷರ್‌ಗೆ ಹಾಕ್ತಾ ಇದ್ದೆ, ಟೆಕ್ಸಾಸಿನ ಪ್ಲೇನೋದಿಂದ ಗೆಳೆಯನ ಫೋನ್. ಹಲೋ ಇಲ್ಲ, ಹೊಸ ಊರು ಹೇಗಿದೆ ಅಂತಿಲ್ಲ. "ಲೋ, ನ್ಯೂಜೆರ್ಸಿ ಪೊಲೀಸರ ಕಡೆಯಿಂದ ಒಂದು ಈಮೇಲ್ ಬಂದಿದೆ, ನಿನ್ನ ಹೆಸರಿದೆ, ಫೇಕಾ ಇದು?" ಅಂದ. ಫೇಕ್ ಅಲ್ಲ ಕಣೋ, ನಾನೇ ನಿನ್ನ ಹೆಸರು ಕೊಟ್ಟಿದ್ದು, ರೆಫರೆನ್ಸ್ ಬೇಕಿತ್ತು ಅಂದೆ. ಯಾವುದಕ್ಕೆ ಅಂದ. ಗನ್‌ಗೆ ಅಂದೆ. ನಾಲ್ಕೈದು ಸೆಕೆಂಡ್ ಆ ಕಡೆ ಮಾತೇ ಇಲ್ಲ, ಅವರ ಮನೆ ಟಿವಿ ಸದ್ದು ಮಾತ್ರ ಕೇಳ್ತಿತ್ತು. "ಗನ್ ತಗೋತಿದೀಯಾ?" ಇಲ್ಲ, ಇದೆ, 2021ರಿಂದ ಇದೆ. "ಅಂದ್ರೆ ಇಲ್ಲಿದ್ದಾಗ್ಲೇ?" ಹೂಂ. ಆಮೇಲೆ ಕೇಳಿದ, "ಅಲೆನ್ ಮಾಲ್ ಶೂಟಿಂಗ್ ಆದ ರಾತ್ರಿ ನಾವೆಲ್ಲ ನಿಮ್ಮನೇಲೇ ಇದ್ವಲ್ಲೋ. ಅವತ್ತೂ ಇತ್ತಾ?"

ಇತ್ತು.

ಹೇಳ್ದೆ ಕೇಳ್ದೆ ಅವನ ಹೆಸರು ಕೊಟ್ಟಿದ್ದು ನನ್ನದೇ ತಪ್ಪು, ಮೊದಲು ಫೋನ್ ಮಾಡ್ಬೇಕಿತ್ತು, ಮಾಡೋಣ ಮಾಡೋಣ ಅಂತ ಎರಡು ಭಾನುವಾರ ಕಳೆದೆ. ಮಾಡೋಕೆ ಯಾಕೆ ಆಗ್ಲಿಲ್ಲ ಅನ್ನೋದು ಈಗ ಅರ್ಥ ಆಗ್ತಿದೆ, ಅವನು ಏನು ಕೇಳ್ತಾನೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು ಅನ್ಸುತ್ತೆ.

ಕೊಡಗಿನವನು ಅಂದ ತಕ್ಷಣ ಉಳಿದ ಕನ್ನಡದವರು ಮೊದಲು ಕೇಳೋದು ಕಾಫಿ, ಆಮೇಲೆ ಪಂದಿ ಕರಿ, ಆಮೇಲೆ "ನಿಮ್ಮಲ್ಲಿ ಮನೆಗೊಂದು ಕೋವಿ ಇರುತ್ತಂತೆ ಹೌದಾ". ಹೌದು, ಇರುತ್ತೆ. ನಮಗೂ, ಅಂದ್ರೆ ಕೊಡವರಿಗೂ, ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನವರಿಗೂ ಆರ್ಮ್ಸ್ ಆಕ್ಟ್‌ನ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, ಯಾರೋ ಹೈಕೋರ್ಟಿಗೆ ಹೋದ್ರು, 2021ರಲ್ಲಿ ಹೈಕೋರ್ಟೂ ಸರಿ ಅಂತು. ಈ ಪ್ಲೇನೋ ಗೆಳೆಯನೂ ಹನ್ನೆರಡು ವರ್ಷದಿಂದ ಇದೇ ಜೋಕ್ ಮಾಡ್ತಾ ಬಂದಿದ್ದಾನೆ, "ಹುಷಾರು, ಇವನ ಹತ್ರ ಜಗಳ ಆಡ್ಬೇಡಿ, ಕೊಡವ" ಅಂತ. ನಾನೂ ನಗ್ತಿದ್ದೆ. ಗೆಸ್ಟ್ ರೂಮಿನ ಕ್ಲೋಸೆಟ್‌ನ ಮೇಲಿನ ಶೆಲ್ಫಲ್ಲಿ ಇದೆ ಅಂತ ಒಂದು ದಿನವೂ ಹೇಳ್ಲಿಲ್ಲ.

ಟೆಕ್ಸಾಸಲ್ಲಿ ಹೇಳೋ ಅಗತ್ಯವೇ ಇಲ್ಲ, ಅದೇ ಅಲ್ಲಿಯ ಮಜಾ. ಎಚ್1ಬಿಯಲ್ಲಿದ್ದಷ್ಟು ದಿನ ಫೆಡರಲ್ ಕಾನೂನೇ ಅಡ್ಡ, ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ ಅಂತಾರೆ, ಆದ್ರೆ ವೀಸಾ ಮೇಲೆ ಬದುಕೋನು ಯಾರು ಆ ರಿಸ್ಕ್ ತಗೋತಾನೆ. 2021ರಲ್ಲಿ ಗ್ರೀನ್ ಕಾರ್ಡ್ ಬಂತು, ಅದೇ ಸೆಪ್ಟೆಂಬರ್ 1ಕ್ಕೆ ಟೆಕ್ಸಾಸಲ್ಲಿ ಪರ್ಮಿಟ್ಟೇ ಇಲ್ದೆ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡ್ಬಹುದು ಅನ್ನೋ ಕಾನೂನೂ ಬಂತು. ಅದೇ ತಿಂಗಳು ಹೋಗಿ 4473 ಅನ್ನೋ ಫಾರಂ ತುಂಬಿದೆ, ಅಂಗಡಿಯವನು ಬ್ಯಾಕ್‌ಗ್ರೌಂಡ್ ಚೆಕ್ ಓಡಿಸಿದ, ಅರ್ಧ ಗಂಟೆಗೆ ಒಂದು ಗ್ಲಾಕ್ 19 ಪಿಸ್ತೂಲು ಕೈಲಿತ್ತು. ಆರು ತಿಂಗಳಿಗೆ ಒಂದು ಡಬಲ್ ಬ್ಯಾರಲ್ 12 ಬೋರ್, ಅದು ಬರೀ ಊರ ನೆನಪಿಗೆ, ಇದನ್ನ ಒಪ್ಕೊಳ್ಳೋಕೆ ನಾಚಿಕೆ ಏನಿಲ್ಲ. ರಾಜ್ಯದ ರಿಜಿಸ್ಟರ್ ಅನ್ನೋದೇ ಇಲ್ಲ. ಹೆಂಡತಿಗೆ ಗೊತ್ತು, ಅಪ್ಪಂಗೆ ಗೊತ್ತು, ಆಫೀಸಿನಲ್ಲಿ ಟೆಕ್ಸಾಸಿನದ್ದೇ ಲಬಕ್ ಊರಿನಿಂದ ಬಂದ ಒಬ್ಬ ಗೆಳೆಯನಿದ್ದ ಅವನಿಗೆ ಗೊತ್ತು, ಅಷ್ಟೇ.

ಈ ವರ್ಷ ಕೆಲಸ ಬದಲಾಯ್ತು, ನ್ಯೂಜೆರ್ಸಿ. ಇಲ್ಲಿಯ ಕಾನೂನು ಓದ್ತಾ ಓದ್ತಾ ತಲೆ ಕೆಟ್ಟೋಯ್ತು. ಗ್ಲಾಕ್ ಜೊತೆ ಬರೋ 15 ಗುಂಡಿನ ಮ್ಯಾಗಝೀನ್ (ಗುಂಡು ತುಂಬಿ ಗನ್ನಿಗೆ ಸಿಕ್ಕಿಸೋದು) ಟೆಕ್ಸಾಸಲ್ಲಿ ಡಬ್ಬಿಯಲ್ಲೇ ಬರೋ ಸಾಮಾನು, ಇಲ್ಲಿ 2018ರಿಂದ 10ರ ಮೇಲೆ ಒಂದು ಜಾಸ್ತಿ ಹಿಡಿಸಿದ್ರೂ ಇಟ್ಕೊಳ್ಳೋದೇ ಕ್ರೈಮ್. ಹೊಸದಾಗಿ ಬಂದು ನೆಲೆಸೋರು 60 ದಿನದೊಳಗೆ ಫೈರಾರ್ಮ್ಸ್ ಐಡಿ ಕಾರ್ಡ್‌ಗೆ ಹಾಕ್ಬೇಕು, ಹೊರಗಿಂದ ತಂದ ಹ್ಯಾಂಡ್‌ಗನ್ ರಿಜಿಸ್ಟರ್ ಮಾಡಿಸ್ಬೇಕು, ಇದು 2022ರ ಕಾನೂನು. ಮೂವರ್ಸ್ ಗುಂಡು ಗಿಂಡು ಏನೂ ಲಾರಿಗೆ ಹಾಕಲ್ಲ ಅಂದ್ರು, ಹಾಗಾಗಿ ನಾನೇ ಕಾರಲ್ಲಿ ತರ್ಬೇಕು. ಮೂರು ಮ್ಯಾಗಝೀನನ್ನ ಲಬಕ್‌ನವನಿಗೆ ಕೊಟ್ಟೆ, ಅವನು ಮನೆ ನಾಯಿ ಬಿಟ್ಟು ಹೋಗ್ತಿದೀನಿ ಅನ್ನೋ ಹಾಗೆ ನನ್ನ ಭುಜ ತಟ್ಟಿದ.

ಹೊರಡೋ ಮುಂಚೆ ನಾನು ಓದಬಾರದಿದ್ದ ಒಂದು ಕೇಸ್ ಓದಿದೆ. ಬ್ರಯನ್ ಏಟ್ಕೆನ್ ಅಂತ, ಕೊಲೊರಾಡೋದಿಂದ ನ್ಯೂಜೆರ್ಸಿಗೆ ಮನೆ ಬದಲಾಯಿಸ್ತಿದ್ದವನು, ಕಾನೂನುಬದ್ಧವಾಗಿ ಕೊಂಡ ಗನ್ನುಗಳೇ, ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದಕ್ಕೆ 2009ರಲ್ಲಿ ಅರೆಸ್ಟ್, ಏಳು ವರ್ಷ ಶಿಕ್ಷೆ. 2010ರ ಡಿಸೆಂಬರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಶಿಕ್ಷೆ ಕಡಿಮೆ ಮಾಡಿ ಬಿಡಿಸಿದ್ರು. ಗವರ್ನರ್ ಮನಸ್ಸು ಮಾಡ್ಬೇಕಾಯ್ತು ಅಂದ್ರೆ ನೋಡಿ! ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸೋರಿಗೆ ರಕ್ಷಣೆ ಕೊಡೋ 1986ರ ಫೆಡರಲ್ ಕಾನೂನಿದೆ, ಗುಂಡು ತೆಗೆದಿರ್ಬೇಕು, ಕೂತಲ್ಲಿಂದ ಕೈಗೆ ಎಟುಕಬಾರದು, ಬೇರೆ ಡಿಕ್ಕಿ ಇಲ್ಲದ ಗಾಡಿಯಾದ್ರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರ್ಬೇಕು, ಗ್ಲವ್ ಬಾಕ್ಸ್ ನಡೆಯಲ್ಲ. ನಮ್ಮದು ಎಸ್‌ಯುವಿ, ಡಿಕ್ಕಿ ಬೇರೆ ಇಲ್ಲ. ಎರಡು ಹಾರ್ಡ್ ಕೇಸ್, ಅದಕ್ಕೆ ಎರಡೆರಡು ಬೀಗ, ಗುಂಡು ಬೇರೆ ಡಬ್ಬಿಯಲ್ಲಿ, ಅದಕ್ಕೊಂದು ಬೀಗ, ಇದೆಲ್ಲದರ ಮೇಲೆ ಕುಕ್ಕರ್ರು ಒರಳು ಹಾಸಿಗೆ. ಅರ್ಕನ್ಸಾ, ಟೆನೆಸ್ಸೀ, ವರ್ಜೀನಿಯಾ ಆರಾಮಾಗಿ ಬಂದೆ. ಇಂಟರ್‌ಸ್ಟೇಟ್ 81 ಮೇರಿಲ್ಯಾಂಡಿನೊಳಗೆ ಹಾದುಹೋಗೋದು ಬರೀ 12 ಮೈಲಿ, ಆ 12 ಮೈಲಿ ನಾನು ಡ್ರೈವಿಂಗ್ ಟೆಸ್ಟ್ ಕೊಡೋನ ಹಾಗೆ ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಕೊಂಡು ಓಡಿಸಿದೆ. ಹೆಂಡತಿ ನಗ್ತಾ ಇದ್ಲು, "ಯಾರ ಕೋವಿ ಕದ್ಕೊಂಡು ಹೋಗ್ತಿದೀಯಾ?"

ಇಲ್ಲಿ ಬಂದ ಮೇಲೆ ಊರಿನ ಪೊಲೀಸ್ ಸ್ಟೇಷನ್ನಿಗೆ ಹೋದೆ. ಗಾಜಿನ ಹಿಂದೆ ಕೂತಿದ್ದ ಹೆಂಗಸು ಎಲ್ಲಿಂದ ಬಂದ್ರಿ ಅಂದ್ಳು, ಟೆಕ್ಸಾಸ್ ಅಂದೆ, ಕನ್ನಡಕದ ಮೇಲಿಂದ ನೋಡಿ "ಓ ಹನಿ" ಅಂದ್ಳು. ಎಷ್ಟು ಪಾಪ ಅನ್ನೋ ಧ್ವನಿ ಅಂದ್ರೆ ನನ್ನ ಮನೆ ಸುಟ್ಟೋಗಿದೆ ಅಂತ ಯಾರೋ ಹೇಳಿರ್ಬೇಕು. ಒಳ್ಳೆಯವಳು, ಹೇಗೆ ಮಾಡ್ಬೇಕು ಅಂತ ಒಂದೊಂದೇ ಬರೆದು ಕೊಟ್ಟಳು. ಎಲ್ಲ ಆನ್‌ಲೈನ್. ಬೆರಳಚ್ಚು, ಫೀಸು, ಸೇಫ್ಟಿ ಕೋರ್ಸ್ ಮಾಡಿದ ದಾಖಲೆ, ಮಾನಸಿಕ ಆರೋಗ್ಯದ ರೆಕಾರ್ಡ್ ಹುಡುಕೋಕೆ ಒಪ್ಪಿಗೆ. ಅದ್ಯಾವುದಕ್ಕೂ ನನಗೆ ಕಷ್ಟ ಅನ್ನಿಸ್ಲಿಲ್ಲ, ನಿಜವಾಗ್ಲೂ. ಆಮೇಲೆ ಬಂತು, ನಿಮ್ಮನ್ನ ಬಲ್ಲ ಇಬ್ಬರ ಹೆಸರು, ಈಮೇಲ್. ಇವನು ಹೇಗೆ, ಕುಡೀತಾನಾ, ಹೆಂಡತಿ ಮೇಲೆ ಕೈ ಮಾಡ್ತಾನಾ, ತಲೆ ನೆಟ್ಟಗಿದೆಯಾ, ಕೊಡ್ಬಹುದಾ, ಈ ಥರದ್ದನ್ನ ಅವರಿಬ್ಬರನ್ನ ಕೇಳ್ತಾರೆ. ಲಬಕ್‌ನವನು ಐದೇ ನಿಮಿಷದಲ್ಲಿ ಮುಗಿಸಿ "ಆಯ್ತು ಬ್ರದರ್, ಬೇಗ ಮನೆಗೆ ವಾಪಸ್ ಬಾ" ಅಂತ ಮೆಸೇಜ್ ಹಾಕಿದ. ಎರಡನೆಯವನು ಪ್ಲೇನೋದ ಇವನು.

ಇದನ್ನ ಅಪ್ಪಂಗೆ ಹೇಳಿದ್ರೆ ಕೆರಳಿ ಕೆಂಡ ಆದ್ರು. ನಮ್ಮ ಕೊಡವ ತಕ್ಕ್‌ನಲ್ಲಿ (ನಮ್ಮ ಭಾಷೆ) ಹೇಳಿದ್ದನ್ನ ಕನ್ನಡಕ್ಕೆ ತಂದ್ರೆ ಸ್ವಲ್ಪ ಸಪ್ಪೆಯಾಗುತ್ತೆ: "ಇನ್ನೊಬ್ಬ ಇವನು ಒಳ್ಳೆಯವನು ಅಂದ್ರೆ ಮಾತ್ರ ನಿನ್ನ ಕೋವಿ ನಿಂದಾ?" ಅಪ್ಪಂಗೆ ನೆನಪು ಮಾಡ್ಬೇಕಾಯ್ತು, ನಿಮ್ಮ ವಿನಾಯಿತಿ ಸರ್ಟಿಫಿಕೇಟೂ ಡಿಸಿ ಆಫೀಸಿನದ್ದೇ ಅಲ್ವಾ, ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟಿದೀರಲ್ಲ ಅಂತ. ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಡೆಪಾಸಿಟ್ ಮಾಡಿ ಅಂತಾರೆ, ಆಗ ತಿಂಗಳಿಡೀ ಗೊಣಗ್ತಾರೆ, ಹಂದಿ ಬಂದು ಗದ್ದೆ ಉತ್ತು ಹೋಗುತ್ತೆ ನೋಡ್ತಾ ಕೂತ್ಕೋ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ" ಅಂದ್ರು. ಹೇಗೆ ಬೇರೆ ಅಂದೆ. "ಊರಲ್ಲಿ ಎಲ್ಲರಿಗೂ ಗೊತ್ತು ನಮ್ಮನೇಲಿ ಕೋವಿ ಇದೆ ಅಂತ."

ಸಿಟ್ಟಲ್ಲಿ ಹೇಳಿದ ಮಾತು, ಆದ್ರೆ ಈ ವಾರ ಪೂರ್ತಿ ಅದೂ ಇವನ ಪ್ರಶ್ನೆಯೂ ಒಟ್ಟೊಟ್ಟಿಗೇ ತಲೇಲಿ ತಿರುಗ್ತಿದೆ. ನಾನು ಹುಟ್ಟಿದಾಗ ತಾತ ಅಂಗಳದಲ್ಲಿ ನಿಂತು ಒಂದು ಗುಂಡು ಹೊಡೆದ್ರಂತೆ. (ಅಕ್ಕ ಹುಟ್ಟಿದಾಗ ಹೊಡೀಲಿಲ್ಲ, ಗಂಡು ಮಗು ಆದ್ರೆ ಮಾತ್ರ ಆಗ, ಅವಳು ಇವತ್ತಿಗೂ ಎತ್ತಿ ಆಡ್ತಾಳೆ, ಆಡ್ಲಿ ಬಿಡಿ, ನ್ಯಾಯವೇ.) ತಾತ ಹೋದಾಗ ಅಪ್ಪ ಎರಡು ಹೊಡೆದ್ರು, ಅದು ನನಗೆ ಚೆನ್ನಾಗಿ ನೆನಪಿದೆ, ಬೆಳಗಿನ ಮಂಜು, ಮೊದಲನೇದು ಆಗಿ ಸದ್ದು ಗುಡ್ಡಕ್ಕೆ ತಾಗಿ ವಾಪಸ್ ಬರೋ ಅಷ್ಟರಲ್ಲಿ ಎರಡನೇದು, ಹತ್ತು ನಿಮಿಷಕ್ಕೆ ಗದ್ದೆ ಆ ಕಡೆಯಿಂದ ಜನ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬರೋಕೆ ಶುರು. ಯಾರಿಗೂ ಫೋನ್ ಮಾಡ್ಬೇಕಾಗ್ಲಿಲ್ಲ. ಒಂದಾದ್ರೆ ಹುಟ್ಟು, ಎರಡಾದ್ರೆ ಸಾವು. ಮನೆ ಕೋವಿ ಅಂದ್ರೆ ಊರಿಗೆ ಸುದ್ದಿ ಹೇಳೋ ಸಾಮಾನಾಗಿತ್ತು. ಅದೇ ಮನೆಯ ನಾನು ಪ್ಲೇನೋದಲ್ಲಿ ಅದನ್ನ ಶೂ ಡಬ್ಬಿಯಲ್ಲಿ ಇಟ್ಟಿದ್ದೆ.

ಹೌದು, ಶೂ ಡಬ್ಬಿ. ಬೀಗ ಇರ್ಲಿಲ್ಲ. ಗನ್‌ನಲ್ಲಿ ಗುಂಡು ಇರ್ಲಿಲ್ಲ, ಅದು ನಿಜ, ಆದ್ರೆ ತುಂಬಿದ ಮ್ಯಾಗಝೀನ್ ಅದೇ ಡಬ್ಬಿಯಲ್ಲಿ ಪಕ್ಕದಲ್ಲೇ ಮಲಗಿತ್ತು. ಇವನು ಫೋನಲ್ಲಿ ಕೇಳಿದ ಎರಡನೇ ಪ್ರಶ್ನೆ ಎಲ್ಲಿಟ್ಟಿದ್ದೆ ಅಂತ, ನಾನು "ಸೇಫಾಗಿತ್ತು ಕಣೋ" ಅಂದೆ. ಟೆಕ್ಸಾಸಲ್ಲೂ 17 ವರ್ಷದೊಳಗಿನ ಮಕ್ಕಳ ಕೈಗೆ ಲೋಡ್ ಆದ ಗನ್ ಸಿಗೋ ಹಾಗೆ ಇಡೋದು ಅಪರಾಧ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದು ನ್ಯೂಜೆರ್ಸಿ ಕಾನೂನು ಹುಡುಕ್ತಿದ್ದಾಗ. ಅವನ ಮಗಳಿಗೆ ಈಗ ಹನ್ನೊಂದು, ನಮ್ಮನೇಲಿ ಕಣ್ಣಾಮುಚ್ಚಾಲೆ ಆಡಿದ್ರೆ ಅವಳು ಯಾವಾಗ್ಲೂ ಗೆಸ್ಟ್ ರೂಮಿನ ಕ್ಲೋಸೆಟ್ಟಲ್ಲೇ ಬಚ್ಚಿಟ್ಕೋತಿದ್ಲು, ಯಾವಾಗ್ಲೂ ಅಲ್ಲೇ, ನಮ್ಮ ಮಗ ಮೊದಲು ಅಲ್ಲೇ ಹೋಗಿ ಹುಡುಕ್ತಿದ್ದ.

ಅಲೆನ್ ದಿನದ ವಿಷಯ ಹೇಳ್ಬೇಕು. 2023 ಮೇ 6, ಶನಿವಾರ. ಅಲೆನ್‌ನ ಔಟ್‌ಲೆಟ್ ಮಾಲ್, ನಮ್ಮ ಕಡೆ ಇಂಡಿಯನ್ಸ್ ಎಲ್ಲ ಊರಿಗೆ ಹೋಗೋ ಮುಂಚೆ ಗಿಫ್ಟ್ ತಗೊಳ್ಳೋದು ಅಲ್ಲೇ, ಎಂಟು ಜನ ಸತ್ರು, ಅದರಲ್ಲಿ ಮಕ್ಕಳೂ ಇದ್ರು, ಹೈದರಾಬಾದಿನ ಒಬ್ಬ ಹುಡುಗಿಯೂ ಇದ್ಲು. ಇವನ ಮನೆಯವರೂ ಅವತ್ತು ಬೆಳಿಗ್ಗೆ ಅಲ್ಲಿಗೇ ಹೋಗಿ ಹನ್ನೆರಡೂವರೆಗೆ ವಾಪಸ್ ಬಂದಿದ್ರು. ಸಂಜೆ ಒಬ್ಬರೇ ಮನೇಲಿರೋಕೆ ಆಗ್ತಿಲ್ಲ ಅಂತ ನಮ್ಮನೆಗೆ ಬಂದ್ರು, ಚಿತ್ರಾನ್ನ ಮಾಡಿದ್ವಿ, ಯಾರೂ ಸರಿಯಾಗಿ ತಿನ್ಲಿಲ್ಲ. ಇವನು ಸೋಫಾದಲ್ಲಿ ಕೂತು, "ಯಾವ ಮನೇಲಿ ಗನ್ ಇದೆ ಅಂತ ಗೊತ್ತಾಗೋದು ಹೇಗೆ, ಮಕ್ಕಳನ್ನ ಯಾರ ಮನೆಗೆ ಕಳಿಸೋದು, ಕೇಳೋಕೂ ಆಗಲ್ಲ" ಅಂದ. ನಾನು ಹೂಂ ಅಂದೆ. ಹೂಂ ಅಂದಿದ್ದು ನನಗೆ ಇವತ್ತಿಗೂ ಕೇಳ್ಸುತ್ತೆ. ಅವತ್ತು ರಾತ್ರಿ ಮಕ್ಕಳು ಮಲಗಿದ್ದು ಗೆಸ್ಟ್ ರೂಮಲ್ಲಿ.

ಇವನ ಬಗ್ಗೆ ಒಂದು ಮಾತು. ಸ್ವಲ್ಪ ಭಾಷಣದ ಮನುಷ್ಯ, ಪ್ಲಾಸ್ಟಿಕ್ ಬಾಟಲ್‌ನಿಂದ ಹಿಡಿದು ಬಿಳಿ ಸಕ್ಕರೆವರೆಗೆ ಎಲ್ಲದಕ್ಕೂ ಅವನದ್ದೊಂದು ಲೆಕ್ಚರ್ ಇರುತ್ತೆ, ಅವತ್ತು ಹೇಳಿದ್ರೆ ಶುರು ಮಾಡ್ತಾನೆ ಅಂತಲೇ ಹೇಳ್ಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಮಾಡ್ಕೊಂಡಿದ್ದೆ. ಮಂಗಳವಾರ ಅವನು ಲೆಕ್ಚರ್ ಕೊಡ್ಲೇ ಇಲ್ಲ. ಬೈದಿದ್ರೆ ಜಗಳ ಆಡ್ತಿದ್ದೆ, ನಮ್ಮ ಸಂಪ್ರದಾಯ ಗಿಂಪ್ರದಾಯ, ಇಲ್ಲಿಯ ಸಂವಿಧಾನದ ಗನ್ ಹಕ್ಕಿನ ಸೆಕೆಂಡ್ ಅಮೆಂಡ್ಮೆಂಟ್, ಎಲ್ಲ ರೆಡಿ ಇತ್ತು. "ಸರಿ, ನೋಡ್ತೀನಿ" ಅಂದು ಇಟ್ಟ.

ಮಾರನೇ ದಿನ, ಬುಧವಾರ, ಕೈಲ್‌ಪೊಳ್ದ್, ನಮ್ಮ ಕೊಡವರ ಆಯುಧ ಪೂಜೆ ಹಬ್ಬ. ಊರಿಂದ ವಿಡಿಯೋ ಬಂತು, ಐನ್‌ಮನೆಯ (ಕುಲದ ಮೂಲ ಮನೆ) ಕನ್ನಿಕೋಂಬರೆಯಲ್ಲಿ, ಅಂದ್ರೆ ದೇವರ ಕೋಣೆಯಲ್ಲಿ, ಕೋವಿಗಳೆಲ್ಲ ಸಾಲಾಗಿ ಒರಗಿಸಿ, ಒಂದೊಂದಕ್ಕೂ ಗಂಧ ಇಟ್ಟು, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸಿ, ಆ ಕೆಂಪು ಹಳದಿ ಬೆಂಕಿ ಥರದ ಹೂವು. ಮಕ್ಕಳೆಲ್ಲ ಮುಂದೆ ಕೂತಿದ್ರು, ಯಾವುದು ಯಾರದ್ದು ಅಂತ ಬೆರಳು ತೋರಿಸಿ ಹೇಳ್ತಿದ್ರು. ಪ್ಲೇನೋದಲ್ಲಿ ನಾನೂ ಪ್ರತಿ ವರ್ಷ ಇಡ್ತಿದ್ದೆ, ದೀಪ, ಗಂಧ, ಕ್ರೋಗರ್‌ನಿಂದ ತಂದ ಚೆಂಡು ಹೂವು, ಆದ್ರೆ ಮಗ ಮಲಗಿದ ಮೇಲೆ, ಬ್ಲೈಂಡ್ಸ್ ಪೂರ್ತಿ ಇಳಿಸಿ. ಒಂದು ಫೋಟೋ ತೆಗೆದು ಅಪ್ಪಂಗೆ ಕಳಿಸಿ, ಮತ್ತೆ ಡಬ್ಬಿಗೆ. ಈ ಸಲ ಮಗ ಎದ್ದಿರುವಾಗ್ಲೇ ಇಡೋಣ ಅಂದೆ, ಹೆಂಡತಿ ಸ್ವಲ್ಪ ಯೋಚಿಸಿ ಹೂಂ ಅಂದ್ಲು. ಮಗ ಪಕ್ಕದಲ್ಲಿ ಕೂತು ಗಂಧ ತೇಯ್ದ. ಅವನಿಗೆ ಹತ್ತು ವರ್ಷ. ಮುಟ್ಟಬಾರದು ಅಂದೆ, ಯಾಕೆ ಅಂತ ಹೇಳಿದೆ, ಕೇಳಿಸ್ಕೊಂಡ. ಆಮೇಲೆ, "ಇದು ಹಳೇ ಮನೇಲಿ ಕ್ಲೋಸೆಟ್ಟಲ್ಲಿ ಮೇಲೆ ಇದ್ದಿದ್ದು ತಾನೇ?" ಅಂದ.

ನಾನೂ ಹೆಂಡತಿಯೂ ಮುಖ ಮುಖ ನೋಡ್ಕೊಂಡ್ವಿ.

ಯಾರಿಗಾದ್ರೂ ಹೇಳಿದ್ಯಾ ಅಂತ ಕೇಳಿದೆ. ಇಲ್ಲ ಅಂದ. ನೀವು ಹೇಳ್ತಿರ್ಲಿಲ್ಲ ಅಲ್ವಾ, ಅದಕ್ಕೆ ನಾನೂ ಹೇಳ್ಲಿಲ್ಲ ಅಂದ.

ಗುರುವಾರ ಹೋಗಿ ಸೇಫ್ ತಂದೆ, ಇನ್ನೂರ ಎಂಬತ್ತು ಡಾಲರ್, ಗೋಡೆಯ ಸ್ಟಡ್‌ಗೆ ಬೋಲ್ಟ್ ಹೊಡೆದು ಕೂರಿಸೋಕೆ ಎರಡು ಗಂಟೆ, ಒಂದು ಡ್ರಿಲ್ ಬಿಟ್ ಮುರೀತು. ಫೋಟೋ ತೆಗೆದು ಇವನಿಗೆ ಕಳಿಸಿದೆ, ಏನೂ ಬರೀಲಿಲ್ಲ, ಬರೀ ಫೋಟೋ. ಎರಡು ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಶುಕ್ರವಾರ ಇಲ್ಲ. ಶನಿವಾರ ಮಧ್ಯಾಹ್ನ ಅವನೇ ಫೋನ್ ಮಾಡಿದ.

"ತುಂಬಿ ಕಳಿಸಿದೆ."

ಥ್ಯಾಂಕ್ಸ್ ಕಣೋ ಅಂದೆ.

"ಇವನನ್ನ ಎಷ್ಟು ವರ್ಷದಿಂದ ಬಲ್ಲೆ ಅಂತ ಕೇಳಿದ್ರು. ಹನ್ನೆರಡು ಅಂತ ಹಾಕಿದೀನಿ." ಸ್ವಲ್ಪ ಹೊತ್ತು ಬಿಟ್ಟು, "ಹಾಕೋ ಮುಂಚೆ ಒಂದ್ ನಿಮಿಷ ಕೂತಿದ್ದೆ ಮಾರಾಯ" ಅಂದ. ಹಿಂದೆ ಅವನ ಮಗಳು ಸ್ವಿಮ್ಮಿಂಗ್‌ಗೆ ಲೇಟಾಯ್ತು ಅಪ್ಪ ಅಂತ ಕೂಗ್ತಿದ್ಲು, ಬಂದೆ ಬಂದೆ ಅಂತ ಇಟ್ಬಿಟ್ಟ.